ಒಣಗಿದ ಕಾಫಿಗೆ ಬಿಸಿಲು

ನಾಟಕ ಮೂರು ಗಂಟೆಗೆ. ಎರಡೂವರೆಗೆ ದರ್ಜಿ ಶಿವನಂಜಪ್ಪ ಬಣ್ಣದ ಪೆಟ್ಟಿಗೆ ಹೊತ್ತು ಪೆರಿಕಲ್ಲೂರಿನ ಪದ್ಮರಾಜ ಗೌಡರ ಕಣಕ್ಕೆ ಬಂದರೆ, ರಂಗಸ್ಥಳವೇ ಮಾಯ! ಬೆಳಿಗ್ಗೆ ಸಗಣಿ ಸಾರಿಸಿ, ಸುಣ್ಣದ ಗೆರೆ ಎಳೆದು ಕನ್ನಡಿ ಮಾಡಿಟ್ಟಿದ್ದ ಕಣದ ಮೇಲೆ ಈ ತುದಿಯಿಂದ ಆ ತುದಿಗೆ ಕಾಫಿ ಹರವಿತ್ತು. ಎಷ್ಟು ಕಾಫಿ ಅಂತೀರಿ? ಅಷ್ಟನ್ನೂ ಕಬಿನಿಗೆ ಸುರಿದಿದ್ದರೆ ನಂಜನಗೂಡಿನ ತನಕ ಜನ ಹೊಳೆಗೇ ಲೋಟ ಅದ್ದಿ ಕುಡಿದು ಒಂದು ತಿಂಗಳು ನಿದ್ದೆಗೆಡುತ್ತಿದ್ದರು.

ವಯನಾಡು ಜಿಲ್ಲೆಯಾದ ಮರುವರ್ಷ ಅದು. ‘ಜಿಲ್ಲೆಯೇ ಹೊಸದಾದ ಮೇಲೆ ನಾಟಕ ಹಳೇದಾದರೆ ಹೇಗೆ?’ ಎಂದು ಶಿವನಂಜಪ್ಪ ಊರ ನಾಟಕ ಸಂಘದ ಕಿರೀಟ-ಗದೆಗಳನ್ನೆಲ್ಲ ಅಟ್ಟಕ್ಕೆಸೆದು, ಊರಿಗೆ ಬೇಕಾದ ಮೂರು ನಾಟಕ ಬರೆದು, ಮೂರು ಭಾನುವಾರ ಗೊತ್ತು ಮಾಡಿದ್ದ. ಮೊದಲನೆಯದು ಸಾರಾಯಿಯ ಮೇಲೆ. ಅದನ್ನು ನೋಡಿ ಅತ್ತವರ ಕಣ್ಣೀರಿಗೆ ಹೊಳೆ ಒಂದು ಗೇಣು ಏರಿತು. ಎರಡನೆಯದು ವರದಕ್ಷಿಣೆ. ಅದಾದ ವಾರವೆಲ್ಲ ಪಕ್ಕದ ಮುಳ್ಳನ್ಕೊಲ್ಲಿಯ ಅತ್ತೆಯರು ಸೊಸೆಯರ ಕಾಲೊತ್ತಿದರಂತೆ! ಎರಡಕ್ಕೂ ಸಂಘದ ಅಧ್ಯಕ್ಷರಾದ ಗೌಡರು ಮುಂದಿನ ಬೆತ್ತದ ಕುರ್ಚಿಯಲ್ಲಿ ಕೂತು, ಶಲ್ಯದಲ್ಲಿ ಕಣ್ಣೊರೆಸಿಕೊಂಡು, ಎಲ್ಲರಿಗೂ ಮಜ್ಜಿಗೆ ಕೊಟ್ಟಿದ್ದರು.

ಮೂರನೆಯದು ‘ಸೇರು’. ಕೂಲಿಯ ಭತ್ತ ಅಳೆಯುವ ಸೇರಿನ ತಳಕ್ಕೆ ಮರದ ಬಿಲ್ಲೆ ಕೂರಿಸಿದ ಧಣಿಯ ಕಥೆ. ಹೋದ ವಾರ ಶಿವನಂಜಪ್ಪ ಅದರ ಎರಡು ಅಂಕಗಳನ್ನು ಗೌಡರಿಗೆ ಓದಿ ಹೇಳಿದ್ದ. ಅವತ್ತು ಮಜ್ಜಿಗೆ ಬರಲಿಲ್ಲ. ಧಣಿಯ ಪಾತ್ರಕ್ಕೆ ಜನವೂ ಸಿಗಲಿಲ್ಲ. “ಇವತ್ತು ಧಣಿ ಆಗ್ಬುಡ್ತೀನಿ ಕಣಣ್ಣ. ನಾಳೆ ಬೆಳಗಾದ್ರೆ ಅವರ ಕಣಕ್ಕೇ ತಾನೇ ಕೂಲಿಗೆ ಹೋಗ್ಬೇಕು?” ಎಂದು ಮದ್ದಳೆಯ ಮಾದಪ್ಪನೂ ಜಾರಿಕೊಂಡಿದ್ದ. ಕೊನೆಗೆ ಶಿವನಂಜಪ್ಪ ತಾನೇ ಮೀಸೆ ಅಂಟಿಸಿಕೊಳ್ಳುವುದೆಂದು ತೀರ್ಮಾನವಾಗಿತ್ತು.

“ಏನ್ ಗೌಡ್ರೆ ಇದು?”

“ಕಾಫಿ ಕಣಯ್ಯ. ಕಂಡಿಲ್ವಾ ನೀನು?” ಗೌಡರು ಜಗಲಿಯಿಂದಲೇ ಅಂದರು.

“ಮೀನ ಮಾಸದಾಗೆ ಯಾವ ಕಾಫಿ? ಕುಯ್ಲು ಮುಗಿದು ಎರಡು ತಿಂಗಳಾಯ್ತು!”

“ಉಗ್ರಾಣದಲ್ಲಿ ತೇವ ಹಿಡಿದದೆ, ಒಣಗ್ಬೇಕು. ನಾಟಕ ಮುಂದಿನ ವರ್ಷ ಆಡು. ಯಾರು ಬ್ಯಾಡ ಅಂದ್ರು?”

ಶಿವನಂಜಪ್ಪ ಒಂದು ಹಿಡಿ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಸಿಪ್ಪೆಯೊಳಗೆ ಬೀಜ ಗಿಲಿಗಿಲಿ ಎಂದವು. ಆ ಸದ್ದಿಗೆ ಹತ್ತು ಗೆಜ್ಜೆಯವರು ಕುಣಿಯಬಹುದಿತ್ತು.

“ತೇವ ಹಿಡಿದ ಕಾಯಿ ಹಿಂಗೆ ಮಾತಾಡ್ತದಾ ಗೌಡ್ರೆ? ಒಣಗಿದ್ದನ್ನ ಒಣಗಿಸೋ ಬಿಸಿಲು ನಿಮ್ಮ ಕಣಕ್ಕೆ ಮಾತ್ರ ಬೀಳ್ತದಾ?”

“ನೋಡು, ಬಟ್ಟೆ ಹೊಲಿಯೋನು ನಂಗೆ ಕಾಫಿ ಹೇಳ್ಕೊಡ್ಬ್ಯಾಡ. ಕೆಲಸದೋರು ಬಿಟ್ಟು ಬೇರೆ ಯಾರಾದ್ರೂ ಕಾಲಿಟ್ಟು ಒಂದು ಕಾಯಿ ತುಳಿದ್ರೆ ಸುಮ್ಕಿರಲ್ಲ!”

ಶಿವನಂಜಪ್ಪನ ಸಿಟ್ಟಿಗೆ ಅವನ ನೆತ್ತಿಯ ಮೇಲೆ ಕಾಫಿ ಹುರಿಯಬಹುದಿತ್ತು. ಬೇಲಿಯಾಚೆ ಜನ ಆಗಲೇ ಕಿಕ್ಕಿರಿದಿದ್ದರು. ಆಚೆ ದಡದ ಬೈರಕುಪ್ಪೆಯವರು ಮಕ್ಕಳನ್ನು ಕಟ್ಟಿಕೊಂಡು ತೋಣಿಯಲ್ಲಿ ದಾಟಿ ಬಂದಿದ್ದರು. ಹೊತ್ತು ಮುಳುಗಿದರೆ ಅವರ ದಾರಿ ಆನೆಯದು. ಇನ್ನೊಂದು ಜಾಗ ಹುಡುಕಿ, ಸಾರಿಸಿ, ನಾಟಕ ಮುಗಿಸುವಷ್ಟು ಹೊತ್ತು ಉಳಿದಿರಲಿಲ್ಲ.

ಆಗ ಕಣದಂಚಿನಲ್ಲಿ ಕೂತಿದ್ದ ಚಾತಿ ಎದ್ದಳು. ಗೌಡರ ಕಣದಲ್ಲಿ ಇಪ್ಪತ್ತು ವರ್ಷದಿಂದ ಕೂಲಿ ಮಾಡುವವಳು ಅವಳೇ. ನಾಟಕದಲ್ಲಿ ಕೂಲಿಯವಳ ಪಾತ್ರವೂ ಅವಳದೇ.

“ಅಣ್ಣಾ, ಹರವಿದ ಕಾಫಿನ ಹಂಗೇ ಬುಟ್ರೆ ಆಯ್ತದಾ? ತಿರುವ್‌ಬೇಕಲ್ಲ. ತಿರುವೋಳು ನಾನಲ್ವಾ?”

ಮರದ ಗೋರುಮಣೆ ಹಿಡಿದು ಕಣಕ್ಕಿಳಿದಳು. ಕಾಫಿ ತಿರುವುವವಳನ್ನು ಗೌಡರು ಯಾವ ಬಾಯಲ್ಲಿ ತಡೆದಾರು? ಒಂದು ಸಾಲು ಎಳೆದಳು, ಎರಡು ಸಾಲು ಎಳೆದಳು, ನಡುಗಣಕ್ಕೆ ಬಂದು ನಿಂತಳು. ಮಾದಪ್ಪನಿಗೆ ಅದೆಲ್ಲಿಂದ ಧೈರ್ಯ ಬಂತೋ, ಬೇಲಿಯಾಚೆಯಿಂದಲೇ ಮದ್ದಳೆಗೆ ಒಂದು ಪೆಟ್ಟು ಕೊಟ್ಟ. ಅದರ ಸದ್ದಿಗೆ ದೂರದ ಮಾನಂದವಾಡಿಯಲ್ಲಿ ಬಸ್ಸುಗಳು ಬ್ರೇಕು ಹಾಕಿದವು.

“ಒಡೆಯಾ,” ಎಂದಳು ಚಾತಿ ನಾಟಕದ ಗಂಟಲಲ್ಲಿ, “ನನ್ನ ಮಕ್ಕಳ ಹೊಟ್ಟೆ ವರ್ಷ ವರ್ಷ ದೊಡ್ಡದಾಯ್ತದೆ. ನಿಮ್ಮ ಸೇರಿನ ಹೊಟ್ಟೆ ಯಾಕೆ ಚಿಕ್ಕದಾಯ್ತದೆ?”

ಮಡಿಲಿನಿಂದ ಸೇರು ತೆಗೆದು, ಕಾಫಿ ತುಂಬಿಸಿ ಸುರಿದು, ಒಳಗೆ ಕೈ ಹಾಕಿ ಒಂದು ಮರದ ಬಿಲ್ಲೆಯನ್ನು ಕಿತ್ತು ಜನರ ಕಡೆಗೆ ಎತ್ತಿ ಹಿಡಿದಳು. ಶಿವನಂಜಪ್ಪ ತಟ್ಟನೆ ಬಣ್ಣದ ಪೆಟ್ಟಿಗೆ ತೆರೆದು ನೋಡಿದ. ಅವನು ಬಡಗಿಯ ಕೈಲಿ ಮಾಡಿಸಿ ಬಣ್ಣ ಬಳಿಸಿದ್ದ ಸೇರು ಪೆಟ್ಟಿಗೆಯಲ್ಲೇ ಇತ್ತು. ಇದು ಹಳೆಯ ಸೇರು, ಕೈ ತಗಲಿ ತಗಲಿ ಕಪ್ಪಗಾದದ್ದು. ಕಾಫಿ ಚೀಲ ಹೊರಲು ಇವಳನ್ನು ಇವತ್ತು ಉಗ್ರಾಣದೊಳಕ್ಕೆ ಕಳಿಸಿದವರು ಗೌಡರೇ.

ಗೌಡರು ಜಗಲಿಯಿಂದ ಹಾರಿದರು. ಮೆಟ್ಟು ಮೆಟ್ಟಿದ ಕಾಲಲ್ಲೇ ಕಾಫಿಯ ಮೇಲೆ ಓಡಿ ಬಂದರು. ಒಣಗಿದ ಕಾಯಿ ಪಟಪಟ ಒಡೆದವು.

“ನನ್ನ ಅನ್ನ ತಿಂದು, ನನ್ನ ಕಣದಲ್ಲೇ ನಂಗೆ ಎದುರಾಡ್ತೀಯಾ? ನಡಿಯೇ ಆಚೆ!”

ಬೇಲಿಯ ಉದ್ದಕ್ಕೂ ಚಪ್ಪಾಳೆ ಬಿತ್ತು. ಬೈರಕುಪ್ಪೆಯವರು ಎದ್ದು ನಿಂತು ತಟ್ಟಿದರು.

ಶಿವನಂಜಪ್ಪ ಅರ್ಧ ಅಂಟಿಸಿಕೊಂಡಿದ್ದ ಮೀಸೆಯನ್ನು ಕಿತ್ತು ಪೆಟ್ಟಿಗೆಗೆ ಹಾಕಿದ. ನಾಟಕದ ಹಾಳೆ ತಿರುವಿ ನೋಡಿ ಕೂಗಿದ:

“ಗೌಡ್ರೆ, ಸ್ವಲ್ಪ ತಾಳಿ! ಆ ಮಾತು ಬರೋದು ಮೂರನೇ ಅಂಕದಲ್ಲಿ.”