ಒಂದು ಬೈಗುಳದ ಬೇಡಿಕೆ

"ನನ್ನ ಮಗಳಿಗೆ ಒಂದ್ಸಲ ಚೆನ್ನಾಗಿ ಬೈದ್ಬಿಡಿ ಸಾರ್," ಎಂದರು ಬಸ್ ಕಂಡಕ್ಟರಮ್ಮ.

ಗಣಿತದ ಮೇಷ್ಟ್ರು ತುಟಿಯವರೆಗೆ ತಂದಿದ್ದ ಚಹಾದ ಲೋಟವನ್ನು ಮತ್ತೆ ಮೇಜಿನ ಮೇಲಿಟ್ಟರು. ಮಕ್ಕಳಿಗೆ ಬೈದದ್ದಕ್ಕೆ ಜಗಳ ಕಾಯಲು ಬಂದ ತಾಯಂದಿರನ್ನು ಅವರು ಸಾಕಷ್ಟು ಕಂಡಿದ್ದರು. ಬೈಯಲಿಲ್ಲವೆಂದು ದೂರು ಹೊತ್ತು ಬಂದವರು ಇವರೇ ಮೊದಲು. ಅದೂ ಡ್ಯೂಟಿ ಮುಗಿಸಿ, ಯೂನಿಫಾರಂ ಸಹ ಬದಲಿಸದೆ, ಟಿಕೆಟಿನ ಚೀಲ ಹೆಗಲಿಗೆ ಹಾಕಿಕೊಂಡೇ.

ಮಗಳೆಂದರೆ ಏಳನೇ ತರಗತಿಯ ರೇಡಿಯೋ. ಮೂರನೇ ಬೆಂಚಿನ ನಡುವೆ ಕೂತು, ಮೊದಲ ಗಂಟೆಯಿಂದ ಕೊನೆಯ ಗಂಟೆಯವರೆಗೆ ಬಾಯಿ ಮುಚ್ಚದವಳು. "ರೇಡಿಯೋ, ಬಂದ್ ಮಾಡು" ಎನ್ನದೆ ಮೇಷ್ಟ್ರ ಒಂದು ಲೆಕ್ಕವೂ ಮುಗಿದದ್ದಿಲ್ಲ. ಮೆಟ್ಟಿಲಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಮೇಲೆ ಮನೆಯಲ್ಲಿ ಮಲಗಿದ್ದಳು. ಶಾಲೆ ತನ್ನ ಕೈಲಾದದ್ದು ಮಾಡಿತ್ತು. ಅವಳ ಜಾಗದಲ್ಲಿ, ಇಬ್ಬರು ಗೆಳತಿಯರ ನಡುವೆ, ಒಂದು ಲ್ಯಾಪ್‌ಟಾಪ್ ಇಟ್ಟಿತ್ತು. ಇಲ್ಲಿಯ ಪರದೆಯಲ್ಲಿ ಅವಳು, ಅಲ್ಲಿಯ ಪರದೆಯಲ್ಲಿ ಕಪ್ಪುಹಲಗೆ. "ಪಾಪ, ಮಗೂಗೆ ತೊಂದರೆ ಕೊಡ್ಬೇಡಿ," ಎಂದು ಹೆಡ್‌ಮೇಡಂ ಎಲ್ಲರಿಗೂ ತಾಕೀತು ಮಾಡಿದ್ದರು. ಯಾರೂ ಕೊಟ್ಟಿರಲಿಲ್ಲ. ಒಂದು ಪ್ರಶ್ನೆಯನ್ನೂ ಕೊಟ್ಟಿರಲಿಲ್ಲ. ಕನಿಕರದಲ್ಲಿ ಒಂದಿಷ್ಟು ಅನುಕೂಲವೂ ಇತ್ತೆನ್ನಿ. ತಿದ್ದಲು ಒಂದು ಪುಸ್ತಕ ಕಡಿಮೆ.

"ಬೈಯೋಕೆ ಏನಿದೆ ಕಣಮ್ಮ? ಚಿನ್ನದಂಥ ಹುಡುಗಿ. ಈಗಂತೂ ತುಟಿ ಪಿಟಕ್ ಅನ್ನಲ್ಲ."

"ಅದೇ ಸಾರ್ ನನ್ನ ಹೆದರಿಕೆ. ಇನ್ನು ಕ್ಲಾಸಿಗೆ ಕೂರಲ್ವಂತೆ. ಮುಂದಿನ ವರ್ಷ ಚಿಕ್ಕವರ ಜೊತೆ ಮತ್ತೆ ಇದೇ ಏಳನೇ ಕ್ಲಾಸ್ ಮಾಡ್ತಾಳಂತೆ. ನಾನಿದ್ರೂ ಒಂದೇ, ಇಲ್ದಿದ್ರೂ ಒಂದೇ ಅಂತಾಳೆ. ಮೊನ್ನೆ ನಿಮ್ಮ ಪಾಠದಲ್ಲಿ ದಿಂಬಿಗೆ ಟೋಪಿ ಹಾಕಿ ಕ್ಯಾಮೆರಾ ಮುಂದೆ ನಿಲ್ಲಿಸಿದ್ಲಂತೆ. ನೀವು ಅದನ್ನ ನೋಡಿ 'ವೆರಿ ಗುಡ್' ಅಂದ್ರಂತೆ."

ಮೇಷ್ಟ್ರು ನೆನಪು ಮಾಡಿಕೊಂಡರು. ವೆರಿ ಗುಡ್ ಅಂದದ್ದು ನಿಜ. ದಿಂಬು ಕಂಡ ನೆನಪಾಗಲಿಲ್ಲ.

"ನೀವೇ ಬೈಬಹುದಿತ್ತಲ್ಲಮ್ಮ," ಎಂದರು, ಚಹಾದ ಕಡೆ ನೋಡುತ್ತ.

"ಬೈಯೋದು ನನಗೇನು ಹೊಸದಾ ಸಾರ್? ಬಾಗಿಲಲ್ಲಿ ನೇತಾಡೋರು, ಚಿಲ್ಲರೆ ತರದೋರು, ಸೀಟಿಗೆ ಕರ್ಚೀಫ್ ಹಾಕೋರು, ಬೆಳಗಿಂದ ಅದೇ ಕೆಲಸ. ಮನೆಗೆ ಹೋಗಿ ಆ ಪ್ಲಾಸ್ಟರ್ ಕಾಲು ನೋಡಿದ ತಕ್ಷಣ ಬಾಯಿ ಕಟ್ಟೋಗುತ್ತೆ. ಅವಳ ತಮ್ಮ ಇದ್ದಾನಲ್ಲ, ಹಾವು ಮುಂಗುಸಿ ಥರ ಇದ್ರು ಇಬ್ರೂ. ಅವನೂ ಈಗ ಟಿವಿ ರಿಮೋಟ್ ಕೇಳೋಕೆ ಮುಂಚೇನೇ ಕೊಟ್ಬಿಡ್ತಾನೆ. ಅವತ್ತಿಂದ್ಲೇ ಸಾರ್ ಅವಳು ಮಂಕಾಗಿದ್ದು." ಕಂಡಕ್ಟರಮ್ಮ ಎದ್ದು ಚೀಲ ಸರಿಮಾಡಿಕೊಂಡರು. "ನಾಳೆ ಒಂದಿನ ಕೂತ್ಕೋ ಅಂತ ಗೋಗರೆದು ಒಪ್ಪಿಸಿದ್ದೀನಿ. ಆಮೇಲೆ ನನ್ನ ಕೈಲಾಗಲ್ಲ."

ಮರುದಿನ ತರಗತಿಗೆ ಕಾಲಿಟ್ಟಾಗ ಮೇಷ್ಟ್ರಿಗೆ ಹೊಸ ಪಾಠ ಶುರುಮಾಡುವವರಂಥ ದಿಗಿಲು. ಬೈಗುಳಕ್ಕೇನೂ ಅವರ ಬಾಯಲ್ಲಿ ಬರಗಾಲವಿರಲಿಲ್ಲ. ಆದರೆ ಬೇಕೆಂದಾಗ ಬರುವ ಬೈಗುಳಕ್ಕೆ ಬಿಸಿ ಇರುವುದಿಲ್ಲ. ಮೂರನೇ ಬೆಂಚಿನ ಹತ್ತಿರ ಹೋಗಿ ಪರದೆಗೆ ಬಗ್ಗಿ ನೋಡಿದರು. ದಿಂಬಲ್ಲ, ಹುಡುಗಿಯೇ. ಖಾತ್ರಿಗೆ ಇನ್ನೊಮ್ಮೆ ನೋಡಿದರು.

"ರೇಡಿಯೋ, ಮನೆಲೆಕ್ಕ ತೋರಿಸು."

ಇಡೀ ತರಗತಿ ಇತ್ತ ತಿರುಗಿ ನೋಡಿತು. ಪರದೆಯ ಮುಖ ಒಂದು ಕ್ಷಣ ಅಲ್ಲಾಡಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಳ್ಳುವಷ್ಟರಲ್ಲಿ ದನಿ ಬಂತು.

"ನಂದೂನಾ ಸಾರ್?"

"ಯಾಕೆ, ನೀನು ಈ ಕ್ಲಾಸಿನವಳಲ್ವಾ?"

"ಮಾಡಿಲ್ಲ ಸಾರ್. ಯಾರೂ ಕೇಳಲ್ವಲ್ಲ ಅಂತ..."

ಆ ಉತ್ತರ ಮೇಷ್ಟ್ರಿಗೆ ನಾಟಿತು. ಸಿಟ್ಟು ಬಂತು, ಯಾರ ಮೇಲೆಂದು ಕೇಳಬೇಡಿ. ದನಿಗೆ ಬೇಕಾದ ಬಿಸಿಯಂತೂ ಸಿಕ್ಕಿತು. "ಮುರಿದಿದ್ದು ಕಾಲು. ಲೆಕ್ಕ ಏನು ಕಾಲಲ್ಲಿ ಮಾಡ್ತಿದ್ಯಾ? ಕೈಗೇನಾಗಿದೆ ಧಾಡಿ? ನಿನ್ನ ಕೈಲಾಗದಿದ್ರೆ ಆ ಟೋಪಿ ದಿಂಬಿನ ಕೈಲಾದ್ರೂ ಮಾಡಿಸಬಹುದಿತ್ತಲ್ಲ!"

ಯಾರೋ ಕಿಸಕ್ಕೆಂದರು. ಎಡಗಡೆ ಕೂತಿದ್ದ ಗೆಳತಿಗೆ ಮಾತ್ರ ಸಹಿಸಲಾಗಲಿಲ್ಲ. "ಸಾರ್, ಪಾಪ ಸಾರ್ ಅವಳು..."

"ನೀನ್ ಸುಮ್ನಿರೇ," ಎಂದಿತು ಲ್ಯಾಪ್‌ಟಾಪು. "ನಂಗೆ ತಾನೆ ಬೈತಿರೋದು?"

"ನಿನ್ನ ಪರವಾಗೇ ಕಣೇ ನಾನು ಹೇಳಿದ್ದು."

"ನಿನ್ನನ್ನ ಯಾರೇ ಕೇಳಿದ್ರು?"

"ಇಬ್ರೂ ಸಾಕು ಮಾಡ್ರೇ," ಎಂದು ಬಲಗಡೆಯವಳು ನಡುವೆ ಬಂದಳು. ಅಲ್ಲಿಗೆ ಮೂವರೂ ಸೇರಿ ಕಲಕಲ ಶುರುವಾಯಿತು, ಪ್ಲಾಸ್ಟರಿಗೆ ಮುಂಚಿನ ದಿನಗಳಂತೆಯೇ.

"ಮೂರನೇ ಬೆಂಚು," ಮೇಷ್ಟ್ರು ಮುಂದೆ ಹೋಗಿ ಡಸ್ಟರಿನಿಂದ ಮೇಜು ಕುಟ್ಟಿದರು, "ಪೂರ್ತಿ ಎದ್ದು ನಿಲ್ಲಿ."

ಇಬ್ಬರು ಎದ್ದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇಬ್ಬರೂ ಬಗ್ಗಿ, ಲ್ಯಾಪ್‌ಟಾಪಿನ ಆಚೆ ಈಚೆ ಒಂದೊಂದು ಕೈ ಕೊಟ್ಟು ಎದೆಯವರೆಗೆ ಎತ್ತಿ ಹಿಡಿದರು. ಪರದೆಯಲ್ಲಿ ಹುಡುಗಿ ಶಿಕ್ಷೆಗೆ ತಕ್ಕಂತೆ ತಲೆ ತಗ್ಗಿಸಿದ್ದಳು.

ಶಿಕ್ಷೆ ಕೊಟ್ಟವರು ನಗಬಾರದೆಂದು ಮೇಷ್ಟ್ರು ಕಪ್ಪುಹಲಗೆಯ ಕಡೆ ತಿರುಗಿ, ಬೇಡದ ಗೆರೆಯೊಂದನ್ನು ಉದ್ದಕ್ಕೆ ಎಳೆಯತೊಡಗಿದರು. ಬೆನ್ನ ಹಿಂದೆ ರೇಡಿಯೋ ಪಿಸುಗುಟ್ಟಿತು:

"ಇನ್ನೂ ಸ್ವಲ್ಪ ಮೇಲೆತ್ರೇ. ನಾನು ನಿಮ್ಮಿಬ್ರಿಗಿಂತ ಎತ್ತರ."