ಅಶ್ವತ್ಥದ ಉಪವಾಸ

ಹೊರಗೆ ಮರಗಳೇ ಇಲ್ಲವಾದ ಮೇಲೆ ಇಡೀ ಕಟ್ಟಡಕ್ಕೆ ಉಳಿದದ್ದು ಜವರಮ್ಮನ ಕಿಟಕಿ ಪಕ್ಕ ಸ್ಟೂಲಿನ ಮೇಲಿದ್ದ ಗೇಣುದ್ದದ ಬೋನ್ಸಾಯ್ ಅಶ್ವತ್ಥ ಒಂದೇ. ಬೆಳಗಾದರೆ ಹೆಂಗಸರು ಚಪ್ಪಲಿ ಬಿಟ್ಟು ಒಳಬಂದು, ಸ್ಟೂಲು ಸುತ್ತಿ, ಒಬ್ಬೊಬ್ಬರೂ ಕುಂಡಕ್ಕೆ ಒಂದೊಂದು ಚೊಂಬು ನೀರು ಹುಯ್ಯುತ್ತಿದ್ದರು. ಕುಂಡದ ಮಣ್ಣು ಕೆಸರಾಗಿ ಎಲೆಗಳು ಹಳದಿ ತಿರುಗಿ ಉದುರತೊಡಗಿದವು.

"ಬೇರು ಕೊಳೀತಾ ಅದೆ ಕಣ್ರೇ, ಮಣ್ಣು ಒಣಗಗಂಟ ನೀರು ಬೇಡ," ಎಂದು ಜವರಮ್ಮ ಗದರಿದರೆ, "ದೇವ್ರಿಗೇ ನೀರು ಬೇಡ ಅಂತೀಯಲ್ಲವ್ವ," ಎಂದು ಅವಳಿಗೇ ಬುದ್ಧಿ ಹೇಳಿದರು.

ಮಾರನೆಯ ಬೆಳಗ್ಗೆ ಜವರಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಈ ವಾರ ಮರ ಉಪವಾಸ ಹಿಡಿದದೆ. ತೊಟ್ಟು ನೀರೂ ಮುಟ್ಟಕಿಲ್ಲ."

ಎಲ್ಲರೂ ಭಕ್ತಿಯಿಂದ ಕೈಮುಗಿದು ಹಿಂದಿರುಗಿದರು. ಜವರಮ್ಮ ಒಳಗೊಳಗೇ ನಕ್ಕು ಕಾಫಿಗಿಟ್ಟಳು. ಕಾಫಿ ಕುದಿಯುವಷ್ಟರಲ್ಲಿ ಅವರೆಲ್ಲ ಮತ್ತೆ ಬಾಗಿಲಲ್ಲಿದ್ದರು. ಚೊಂಬುಗಳ ತುಂಬ ಹಾಲು.

"ಉಪವಾಸಕ್ಕೆ ಹಾಲು ನಡೀತದಲ್ವೇನಕ್ಕ?"