ಹಾಡು ಬಿಟ್ಟು ಬೇರೇನಿಲ್ಲ

ಆರ್ಕೆಸ್ಟ್ರಾ ಹಾಲಿಗೆ ಬೀಗ ಬಿದ್ದು ಎಷ್ಟೋ ವರ್ಷಗಳಾಗಿದ್ದವು. ಅಲ್ಲಿ ಮೈಕ್‌ಸೆಟ್ ನೋಡಿಕೊಳ್ಳುತ್ತಿದ್ದ ಪಳನಿಯ ಹತ್ತಿರ ಮಾತ್ರ ಆ ಕಾಲದ ಹಾಡುಗಳು ಭದ್ರವಾಗಿದ್ದವು. ಹಳೆಯ ಕ್ಯಾಸೆಟ್‌ಗಳನ್ನೆಲ್ಲ ಕಷ್ಟಪಟ್ಟು ಕಂಪ್ಯೂಟರಿಗೆ ಹಾಕಿಟ್ಟಿದ್ದ. ಕೇಳುವವರೇ ಇರಲಿಲ್ಲ. ಹಾಗಾಗಿ ವಯಸ್ಸಾದ ಹೆಂಗಸೊಬ್ಬರು ವಿಳಾಸ ಹುಡುಕಿಕೊಂಡು ಬಂದಾಗ ಅವನಿಗೆ ಹಿಗ್ಗೋ ಹಿಗ್ಗು.

“ನೀವೂ ಶೋಗೆ ಬರ್ತಿದ್ರಾ ಅಮ್ಮ?”

“ನಾನೆಲ್ಲಿ ಬರ್ಲಪ್ಪ. ನೀವು ರೆಕಾರ್ಡ್ ಮಾಡ್ತಿದ್ರಿ ಅಂತ ಯಾರೋ ಹೇಳಿದ್ರು.”

ಹೆಡ್‌ಫೋನ್ ಕೊಟ್ಟು ಕೂರಿಸಿದ. ಆಕೆ ಕಣ್ಣು ಮುಚ್ಚಿ ಕೇಳಿದರು. ಒಂದೊಂದು ಹಾಡು ಮುಗಿಯುವಾಗಲೂ ಮುಂದಕ್ಕೆ ಬಾಗುತ್ತಿದ್ದರು. ಇನ್ನೊಂದು ಶುರುವಾದೊಡನೆ ಹಿಂದಕ್ಕೆ ಒರಗುತ್ತಿದ್ದರು.

“ಚಪ್ಪಾಳೇನೇ ಇಲ್ವಲ್ಲಪ್ಪ.”

“ಗಲಾಟೆ ಎಲ್ಲ ತೆಗ್ದಿದೀನಮ್ಮ. ಒಂದು ಕೆಮ್ಮೂ ಕೇಳ್ಬಾರ್ದು, ಹಂಗೆ ಕ್ಲೀನ್ ಮಾಡಿದೀನಿ.”

“ಹಿಂದಿನ ಸಾಲಿಂದ ಒಬ್ಬ ಒನ್ಸ್ ಮೋರ್ ಅಂತ ಕೂಗ್ತಿದ್ನಂತಲ್ಲ?”

ಪಳನಿ ನಕ್ಕುಬಿಟ್ಟ. “ಅವನಾ? ಯಾವ ಶೋ ಹಾಕಿದ್ರೂ ಅವನದೇ ಗಂಟಲು. ಅದನ್ನ ತೆಗೆಯೋಷ್ಟರಲ್ಲಿ ಸಾಕುಸಾಕಾಗೋಯ್ತು ನಂಗೆ.”

“ಹಳೇ ಕ್ಯಾಸೆಟ್ಟು ಇದ್ಯಾ?”

“ಎಲ್ಲಿ ಇರುತ್ತಮ್ಮ. ಬೂಷ್ಟು ಹಿಡಿದಿತ್ತು, ಸುಟ್ಟಾಕ್ದೆ.”

ಆಕೆ ಹೆಡ್‌ಫೋನ್ ತೆಗೆದು ಮೆಲ್ಲಗೆ ಮೇಜಿನ ಮೇಲಿಟ್ಟರು.

“ಅವನು ನನ್ನ ಮಗ ಕಣಪ್ಪ. ಮನೇಲಿ ಹಾರ ಹಾಕಿರೋ ಫೋಟೋ ಇದೆ. ದನಿ ಇಲ್ಲಿಯಾದ್ರೂ ಸಿಗುತ್ತೆ ಅಂದ್ಕೊಂಡಿದ್ದೆ.”